ದೃಶ್ಯದಿಂದ ಅವ್ಯಕ್ತಕ್ಕೆ: ಮಹಾವೀರಾಚಾರ್ಯರ ಗಣಿತ ಮತ್ತು ಶ್ರಾವಕನ ಸತ್ಯ

ಜೈನ ಪರಂಪರೆಯಲ್ಲಿ ಗಣಿತಕ್ಕೆ ಸಂದಿರುವ ಗೌರವ ಅಸಾಧಾರಣವಾದುದು. ಲೋಕದ ಆಕಾರ, ಕಾಲದ ಪ್ರಮಾಣ, ಜೀವರಾಶಿಗಳ ಸಂಖ್ಯೆ, ಕರ್ಮದ ಸ್ಥಿತಿ ಮುಂತಾದ ವಿಷಯಗಳನ್ನು ನಿರೂಪಿಸುವ ಕರಣಾನುಯೋಗವು ಸಂಖ್ಯೆಯ ನೆರವಿಲ್ಲದೆ ಒಂದು ಹೆಜ್ಜೆಯನ್ನೂ ಮುಂದಿಡಲಾರದು. ಇನ್ನೊಂದು ಕಡೆ, ಅಂಗಡಿಯಲ್ಲಿ ಕುಳಿತು ಅಳೆದು ತೂಗಿ ಕೊಡುವ ಶ್ರಾವಕನಿಗೂ ಗಣಿತವೇ ಆಧಾರ. ಮೋಕ್ಷಮಾರ್ಗದ ಚಿಂತನೆ ಮಾಡುವ ಮುನಿಗೂ ಲೇವಾದೇವಿ ನಡೆಸುವ ಗೃಹಸ್ಥನಿಗೂ ಸಮಾನವಾಗಿ ಬೇಕಾದ ವಿದ್ಯೆ ಇದು. ಹೀಗಿರುವುದರಿಂದಲೇ ಇಲ್ಲಿ ಒಂದು ನೈತಿಕ ಪ್ರಶ್ನೆ ಏಳುತ್ತದೆ. ಲೋಕದ ಒಂದು ಸಂಗತಿಯನ್ನು ಸಂಖ್ಯೆಯಲ್ಲಿ ಚಿತ್ರಿಸುವವನು ಯಾವ ಬಗೆಯ ಪ್ರಾಮಾಣಿಕತೆಗೆ ಬದ್ಧನಾಗಿರಬೇಕು? ಕರ್ನಾಟಕದ ಗಣಿತಜ್ಞರಲ್ಲಿ ಅಗ್ರಗಣ್ಯರಾದ ಮಹಾವೀರಾಚಾರ್ಯರ ಕೃತಿಯನ್ನು ಈ ದೃಷ್ಟಿಯಿಂದ ನೋಡುವುದು ಇಂದಿಗೂ ಉಪಯುಕ್ತ.

ಆಚಾರ್ಯರು ಮತ್ತು ಅವರ ಕಾಲ

ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ವು ಸುಮಾರು ಕ್ರಿ.ಶ. 850ರ ಕೃತಿ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಮಾನ್ಯಖೇಟದಿಂದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ಆಳುತ್ತಿದ್ದ ಕಾಲವದು. ಜಿನಸೇನಾಚಾರ್ಯರಂಥ ಕವಿಗಳು, ಶಾಕಟಾಯನನಂಥ ವೈಯಾಕರಣರು ಬಾಳಿದ ಯುಗ. ‘ಕವಿರಾಜಮಾರ್ಗ’ ರಚಿತವಾದ ಯುಗ. ಗ್ರಂಥದ ಆದಿಯಲ್ಲಿ ಆಚಾರ್ಯರು ವರ್ಧಮಾನ ಜಿನನಿಗೆ ವಂದಿಸಿ, ಅಮೋಘವರ್ಷನನ್ನು ಸ್ಯಾದ್ವಾದದ ಅನುಯಾಯಿಯೆಂದು ಕೊಂಡಾಡಿದ್ದಾರೆ. ಬಳಿಕ ಗಣಿತದ ಪ್ರಶಂಸೆ ಬರುತ್ತದೆ. ಅರ್ಥಶಾಸ್ತ್ರ, ಸಂಗೀತ, ನಾಟಕ, ಪಾಕಶಾಸ್ತ್ರ, ವೈದ್ಯ, ವಾಸ್ತು, ಛಂದಸ್ಸು, ವ್ಯಾಕರಣ, ಗ್ರಹಗಳ ಗತಿ ಎಲ್ಲೆಡೆಯೂ ಗಣಿತ ಬಳಕೆಯಲ್ಲಿದೆ. ಮೂರು ಲೋಕಗಳ ಚರಾಚರ ವಸ್ತುಗಳಲ್ಲಿ ಗಣಿತವನ್ನು ಬಿಟ್ಟು ಇರುವಂಥದು ಯಾವುದೂ ಇಲ್ಲ ಎಂಬುದು ಅಲ್ಲಿಯ ತಾತ್ಪರ್ಯ.

ಈ ಗ್ರಂಥವು ಬಹುಕಾಲ ತಾಳೆಗರಿಗಳಲ್ಲೇ ಉಳಿದಿತ್ತು. ಮದರಾಸಿನ ಪ್ರೊಫೆಸರ್ ಎಂ. ರಂಗಾಚಾರ್ಯರು ಕನ್ನಡ ಲಿಪಿಯ ಪ್ರತಿಗಳನ್ನೂ ಬಳಸಿಕೊಂಡು ಅದನ್ನು ಸಂಪಾದಿಸಿ, 1912ರಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಅನಂತರ ಲಕ್ಷ್ಮೀಚಂದ್ರ ಜೈನರ ಹಿಂದಿ ಅನುವಾದ 1963ರಲ್ಲಿ ಸೋಲಾಪುರದಿಂದಲೂ, ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದಲೂ ಹೊರಬಂದವು. ಕರ್ನಾಟಕದ ನೆಲದಲ್ಲಿ ಹುಟ್ಟಿದ ಗ್ರಂಥವೊಂದು ಕನ್ನಡದ ಓದುಗರ ಕೈ ಸೇರಲು ಸಾವಿರ ವರ್ಷಕ್ಕೂ ಮಿಕ್ಕಿ ಕಾಯಬೇಕಾಯಿತು.

ರಾಶಿಗಳ ಜಾತಿಗಳು

ಒಂದು ರಾಶಿ ಬದಲಾದಂತೆ ಅದನ್ನು ಅವಲಂಬಿಸಿದ ಇನ್ನೊಂದು ರಾಶಿಯೂ ಒಂದು ನಿಯಮಕ್ಕೆ ಒಳಪಟ್ಟು ಬದಲಾಗುವುದಾದರೆ, ಆ ಸಂಬಂಧವನ್ನು ಆಧುನಿಕ ಗಣಿತವು ಫಲನ ಅಥವಾ ಉತ್ಪನ್ನವೆಂದು ಕರೆಯುತ್ತದೆ. ಸಂಬಂಧದ ಸ್ವರೂಪಕ್ಕೆ ತಕ್ಕಂತೆ ಅದರಲ್ಲಿ ಜಾತಿಗಳುಂಟು. ರಾಶಿ ಮೊದಲನೆಯ ಘಾತದಲ್ಲೇ ಇದ್ದರೆ ಸರಳ ಅಥವಾ ರೇಖಾತ್ಮಕ. ಅದರ ವರ್ಗ ಬಂದರೆ ವರ್ಗಾತ್ಮಕ. ಘನ ಬಂದರೆ ಘನಾತ್ಮಕ. ವರ್ಗಮೂಲ ಬಂದರೆ ಮೂಲಾತ್ಮಕ. ರಾಶಿಯು ಛೇದದಲ್ಲಿ ಕುಳಿತರೆ ಭಾಗಲಬ್ಧ ಫಲನ. ಲೋಕದ ಯಾವುದಾದರೊಂದು ವಿದ್ಯಮಾನಕ್ಕೆ ಇವುಗಳಲ್ಲಿ ತಕ್ಕುದನ್ನು ಆರಿಸಿ ಹೊಂದಿಸುವ ಕೆಲಸವೇ ಗಣಿತದ ಪ್ರತಿರೂಪ ರಚನೆ.

ಫಲನವೆಂಬ ಪರಿಭಾಷೆ ಈಚಿನದು. ಆದರೆ ಸಂಬಂಧಗಳನ್ನು ಘಾತಕ್ಕನುಸಾರವಾಗಿ ಜಾತಿಗಳನ್ನಾಗಿ ವಿಂಗಡಿಸುವ ಕ್ರಮ ಜೈನ ವಾಙ್ಮಯದಲ್ಲಿ ಬಹಳ ಪ್ರಾಚೀನ. ಶ್ವೇತಾಂಬರ ಆಗಮಗಳಲ್ಲಿ ಒಂದಾದ ಸ್ಥಾನಾಂಗಸೂತ್ರವು ಗಣಿತದ ಹತ್ತು ವಿಷಯಗಳನ್ನು ಹೆಸರಿಸುತ್ತದೆ. ಪರಿಕರ್ಮ, ವ್ಯವಹಾರ, ರಜ್ಜು, ರಾಶಿ, ಕಲಾಸವರ್ಣಗಳ ಬಳಿಕ ಯಾವತ್-ತಾವತ್, ವರ್ಗ, ಘನ, ವರ್ಗವರ್ಗ, ವಿಕಲ್ಪ ಎಂಬ ಹೆಸರುಗಳು ಅಲ್ಲಿವೆ. ಇವುಗಳಲ್ಲಿ ಯಾವತ್-ತಾವತ್ ಎಂಬುದು ಸರಳ ಸಮೀಕರಣವನ್ನೂ, ಅನಂತರದ ಮೂರು ಎರಡು, ಮೂರು, ನಾಲ್ಕನೆಯ ಘಾತದ ಸಮೀಕರಣಗಳನ್ನೂ ಸೂಚಿಸುತ್ತವೆಂದು ವಿಭೂತಿಭೂಷಣ ದತ್ತರು 1929ರ ತಮ್ಮ ಪ್ರಬಂಧದಲ್ಲಿ ವಿವರಿಸಿದರು. ಪ್ರಾಚೀನ ಟೀಕಾಕಾರರು ಈ ಪದಗಳಿಗೆ ಬೇರೆ ಅರ್ಥಗಳನ್ನೂ ಹೇಳಿರುವುದರಿಂದ ಇದನ್ನು ಒಂದು ಸಾಧಾರವಾದ ವ್ಯಾಖ್ಯಾನವೆಂದು ತಿಳಿಯುವುದೇ ಯುಕ್ತ.

ಮಹಾವೀರಾಚಾರ್ಯರಲ್ಲಿ ವಿಂಗಡಣೆ ಸಂದೇಹಕ್ಕೆ ಎಡೆಯಿಲ್ಲದಂತೆ ಸ್ಪಷ್ಟವಾಗಿದೆ. ಸಂಜ್ಞಾಧಿಕಾರದ ನಂತರ ಅವರು ಎಂಟು ವ್ಯವಹಾರಗಳನ್ನು ನಿರೂಪಿಸುತ್ತಾರೆ: ಪರಿಕರ್ಮ, ಕಲಾಸವರ್ಣ, ಪ್ರಕೀರ್ಣಕ, ತ್ರೈರಾಶಿಕ, ಮಿಶ್ರಕ, ಕ್ಷೇತ್ರಗಣಿತ, ಖಾತ ಮತ್ತು ಛಾಯಾ. ಇವುಗಳಲ್ಲಿ ಪ್ರಕೀರ್ಣಕ ವ್ಯವಹಾರದಲ್ಲಿ ಅಜ್ಞಾತ ರಾಶಿಯನ್ನು ಕಂಡುಹಿಡಿಯುವ ಲೆಕ್ಕಗಳಿಗೆ ಹತ್ತು ಜಾತಿಗಳು. ಭಾಗ, ಶೇಷ ಎಂಬವು ಸರಳ ಸಂಬಂಧಗಳು. ಮೂಲ, ಶೇಷಮೂಲ, ದ್ವಿರಗ್ರಶೇಷಮೂಲ, ಅಂಶಮೂಲ, ಮೂಲಮಿಶ್ರ ಎಂಬವುಗಳಲ್ಲಿ ವರ್ಗಮೂಲ ಪ್ರವೇಶಿಸುತ್ತದೆ. ಭಾಗಾಭ್ಯಾಸ, ಅಂಶವರ್ಗ, ಭಿನ್ನದೃಶ್ಯ ಎಂಬವುಗಳಲ್ಲಿ ರಾಶಿಯ ಅಂಶಗಳು ಒಂದನ್ನೊಂದು ಗುಣಿಸುತ್ತವೆ. ಪ್ರತಿಯೊಂದು ಜಾತಿಗೂ ಪ್ರತ್ಯೇಕ ಸೂತ್ರ, ಪ್ರತ್ಯೇಕ ಉದಾಹರಣೆಗಳು. ಲೆಕ್ಕವನ್ನು ಬಿಡಿಸುವ ಮೊದಲು ಅದರ ಜಾತಿಯನ್ನು ಗುರುತಿಸಬೇಕೆಂಬುದು ಅವರ ಬೋಧನೆಯ ಕ್ರಮ.

ಕಂಡ ಭಾಗ, ಕಾಣದ ಭಾಗ

ಮೂಲಜಾತಿಗೆ ಆಚಾರ್ಯರು ಕೊಡುವ ಒಂದು ಉದಾಹರಣೆ ಒಂಟೆಗಳ ಹಿಂಡಿಗೆ ಸಂಬಂಧಿಸಿದುದು. ಹಿಂಡಿನ ಕಾಲು ಭಾಗ ಕಾಡಿನಲ್ಲಿ ಕಾಣಿಸಿತು. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಿಗೆ ಹೋಯಿತು. ಹದಿನೈದು ಒಂಟೆಗಳು ನದಿಯ ದಡದಲ್ಲಿ ಉಳಿದವು. ಹಾಗಾದರೆ ಒಟ್ಟು ಎಷ್ಟು? ಉತ್ತರ 36. ಕಾಡಿನಲ್ಲಿ 9, ತಪ್ಪಲಿನಲ್ಲಿ 12, ದಡದಲ್ಲಿ 15. ಕೈಗೆ ಸಿಕ್ಕಿದ ಆ ಹದಿನೈದಕ್ಕೆ ಶಾಸ್ತ್ರದಲ್ಲಿ ‘ದೃಶ್ಯ’ವೆಂದು ಹೆಸರು. ಪ್ರತ್ಯಕ್ಷವಾದ ದೃಶ್ಯವನ್ನು ಹಿಡಿದು, ನಿಯಮದ ದಾರಿಯಲ್ಲಿ ನಡೆದು, ಪರೋಕ್ಷವಾದ ಪೂರ್ಣವನ್ನು ಅರಿಯುವುದೇ ಈ ಪ್ರಕ್ರಿಯೆಯ ಸಾರ. ಎಲ್ಲ ಗಣಿತ ಪ್ರತಿರೂಪಗಳ ಮಾರ್ಗವೂ ಇದೇ.

ಇದೇ ಲೆಕ್ಕವನ್ನು ವರ್ಗಸಮೀಕರಣವಾಗಿ ಬಿಡಿಸಿದರೆ ಹಿಂಡಿನ ವರ್ಗಮೂಲಕ್ಕೆ ಎರಡು ಬೆಲೆಗಳು ದೊರೆಯುತ್ತವೆ. ಒಂದು 6, ಇನ್ನೊಂದು ಋಣರಾಶಿ. ಒಂಟೆಗಳ ಎಣಿಕೆಯಲ್ಲಿ ಋಣಕ್ಕೆ ಅರ್ಥವಿಲ್ಲದಿರುವುದರಿಂದ ಅದನ್ನು ಬಿಡಬೇಕಾಗುತ್ತದೆ. ಆದರೆ ಎಲ್ಲ ಸಂದರ್ಭಗಳಲ್ಲೂ ಹೀಗೆ ಬಿಡಲು ಬರುವುದಿಲ್ಲ. ಅಂಶವರ್ಗ ಜಾತಿಯ ಮಾದರಿಯಲ್ಲಿ ಒಂದು ಲೆಕ್ಕವನ್ನು ಹೀಗೆ ಕಟ್ಟಬಹುದು: ಒಂದು ಹಿಂಡಿನ ಎಂಟನೆಯ ಒಂದು ಭಾಗದ ವರ್ಗದಷ್ಟು ಆನೆಗಳು ಕೆರೆಯಲ್ಲಿವೆ; ಉಳಿದ 12 ಆನೆಗಳು ದಂಡೆಯಲ್ಲಿವೆ. ಹಿಂಡು 48 ಎಂದರೆ ಕೆರೆಯಲ್ಲಿ 36, ದಂಡೆಯಲ್ಲಿ 12, ಲೆಕ್ಕ ಸರಿ. ಹಿಂಡು 16 ಎಂದರೆ ಕೆರೆಯಲ್ಲಿ 4, ದಂಡೆಯಲ್ಲಿ 12; ಆಗಲೂ ಲೆಕ್ಕ ಸರಿ. ದೃಶ್ಯ ಒಂದೇ, ನಿಯಮ ಒಂದೇ, ಆದರೂ ಒಪ್ಪಬಹುದಾದ ಪೂರ್ಣಗಳು ಎರಡು. ಈ ಜಾತಿಯ ಸೂತ್ರವನ್ನು ಮಹಾವೀರಾಚಾರ್ಯರು ಮೂಲವನ್ನು ಕೂಡಿಸಿದ ಬೆಲೆಯೂ ಕಳೆದ ಬೆಲೆಯೂ ಎರಡೂ ಬರುವಂತೆಯೇ ಹೇಳಿದ್ದಾರೆ. ಕಂಡ 12 ಆನೆಗಳಷ್ಟರಿಂದಲೇ ಹಿಂಡು 48 ಎಂದು ಹಟ ಹಿಡಿಯುವವನು ಲೆಕ್ಕದಲ್ಲಿ ತಪ್ಪಿಲ್ಲ. ಆದರೆ 16 ಎಂಬುವನನ್ನು ಸುಳ್ಳನೆಂದು ಕರೆದರೆ ಅಲ್ಲಿ ತಪ್ಪುತ್ತಾನೆ.

ಋಣರಾಶಿಯ ವಿಷಯದಲ್ಲಿಯೂ ಆಚಾರ್ಯರ ಮಾತು ನಿಷ್ಠುರವಾದುದು. ಋಣರಾಶಿಯು ಸ್ವಭಾವದಿಂದಲೇ ಯಾವುದರ ವರ್ಗವೂ ಅಲ್ಲ. ಆದುದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಅವರು ಹೇಳಿದರು. ತಾವು ಬಳಸುತ್ತಿರುವ ನಿಯಮ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬ ಗಡಿಯನ್ನು ಮೊದಲೇ ಸಾರಿದ ಪ್ರಾಮಾಣಿಕತೆ ಇದು. ಮುಂದೆ ಯೂರೋಪಿನ ಗಣಿತಜ್ಞರು ಸಂಖ್ಯೆಯ ಕಲ್ಪನೆಯನ್ನೇ ವಿಸ್ತರಿಸಿ ಅಂಥ ಮೂಲಗಳಿಗೂ ಸ್ಥಾನ ಕಲ್ಪಿಸಿದರು. ಆದರೆ ಮಹಾವೀರಾಚಾರ್ಯರು ಪರಿಗಣಿಸಿದ ಸಂಖ್ಯೆಗಳ ಕ್ಷೇತ್ರದೊಳಗೆ ಅವರ ಮಾತು ಈಗಲೂ ಅಬಾಧಿತವಾಗಿದೆ.

ಸ್ಥೂಲ ಮತ್ತು ಸೂಕ್ಷ್ಮ

ಕ್ಷೇತ್ರಗಣಿತದಲ್ಲಿ ಈ ಪ್ರಾಮಾಣಿಕತೆ ಇನ್ನೊಂದು ರೂಪದಲ್ಲಿ ಕಾಣಿಸುತ್ತದೆ. ಅಲ್ಲಿ ಆಚಾರ್ಯರು ವ್ಯಾವಹಾರಿಕ ಫಲ, ಸೂಕ್ಷ್ಮ ಫಲ ಎಂದು ಎರಡು ಬಗೆಯ ಉತ್ತರಗಳನ್ನು ಬೇರೆಬೇರೆಯಾಗಿ ಕೊಡುತ್ತಾರೆ. ವೃತ್ತದ ಪರಿಧಿಯು ವ್ಯಾಸದ ಮೂರರಷ್ಟು ಎಂಬುದು ವ್ಯಾವಹಾರಿಕ. ಹತ್ತರ ವರ್ಗಮೂಲದಷ್ಟು ಎಂಬುದು ಸೂಕ್ಷ್ಮ. ಜೈನ ಗ್ರಂಥಗಳಲ್ಲಿ ಹತ್ತರ ವರ್ಗಮೂಲದ ಬಳಕೆ ಪ್ರಸಿದ್ಧವಾದುದು. ಅದು ಸುಮಾರು 3.162. ಇಂದಿನ ಬೆಲೆಯಾದ 3.1416ಕ್ಕೆ ಹೋಲಿಸಿದರೆ ವ್ಯಾವಹಾರಿಕದಲ್ಲಿ ನೂರಕ್ಕೆ ನಾಲ್ಕೂವರೆಯಷ್ಟು ಕೊರತೆಯೂ, ಸೂಕ್ಷ್ಮದಲ್ಲಿ ನೂರಕ್ಕೆ ಮುಕ್ಕಾಲಿಗಿಂತ ಕಡಿಮೆ ಹೆಚ್ಚಳವೂ ಇದೆ. ದೀರ್ಘವೃತ್ತಕ್ಕೆ ‘ಆಯತವೃತ್ತ’ವೆಂದು ಹೆಸರಿಟ್ಟು ಅದರ ಪರಿಧಿಗೂ ಅವರು ಅಂದಾಜಿನ ಸೂತ್ರವನ್ನು ಕೊಟ್ಟಿದ್ದಾರೆ.

ಹೊಲದ ಸುತ್ತ ಬೇಲಿ ಕಟ್ಟುವ ರೈತನಿಗೆ ಮೂರರ ಲೆಕ್ಕ ಸಾಕು. ಅದನ್ನು ಸಾಕೆಂದು ಹೇಳುವುದು ದೋಷವಲ್ಲ. ಸ್ಥೂಲವನ್ನು ಸೂಕ್ಷ್ಮವೆಂದು ಹೇಳಿದರೆ ಮಾತ್ರ ದೋಷ. ಉತ್ತರದೊಡನೆ ಅದರ ದರ್ಜೆಯನ್ನೂ ಹೇಳುವ ಈ ಪದ್ಧತಿ, ಸತ್ಯಾಣುವ್ರತವನ್ನು ಸಂಖ್ಯೆಗಳ ಲೋಕದಲ್ಲಿ ಪಾಲಿಸಿದಂತೆಯೇ ಸರಿ.

ಚಿನ್ನದ ವರ್ಣ

ಮಿಶ್ರಕ ವ್ಯವಹಾರದಲ್ಲಿ ಬಡ್ಡಿ, ಪಾಲುಗಾರಿಕೆ, ಕೊಳ್ಳುವಿಕೆ ಮಾರುವಿಕೆಗಳ ಜೊತೆಗೆ ಚಿನ್ನದ ಲೆಕ್ಕವೂ ಬರುತ್ತದೆ. ಶುದ್ಧವಾದ ಚಿನ್ನಕ್ಕೆ 16 ವರ್ಣ. ಬೇರೆಬೇರೆ ವರ್ಣದ ಚಿನ್ನಗಳನ್ನು ಕರಗಿಸಿ ಕೂಡಿಸಿದರೆ, ಪ್ರತಿಯೊಂದರ ತೂಕವನ್ನು ಅದರ ವರ್ಣದಿಂದ ಗುಣಿಸಿ, ಆ ಗುಣಲಬ್ಧಗಳ ಮೊತ್ತವನ್ನು ಒಟ್ಟು ತೂಕದಿಂದ ಭಾಗಿಸಬೇಕು. 16 ವರ್ಣದ ನಾಲ್ಕು ತೂಕಕ್ಕೆ 11 ವರ್ಣದ ಆರು ತೂಕ ಸೇರಿದರೆ 130ನ್ನು 10ರಿಂದ ಭಾಗಿಸಿ 13 ವರ್ಣ ಎನ್ನಬೇಕು.

ಈ ನಿಯಮವನ್ನು ಇನ್ನೊಂದು ಸಂದರ್ಭಕ್ಕೆ ಅನ್ವಯಿಸಿ ನೋಡಬಹುದು. ಹತ್ತು ತೂಕ ಶುದ್ಧ ಚಿನ್ನಕ್ಕೆ ಚಿನ್ನದ ಅಂಶವೇ ಇಲ್ಲದ ಲೋಹವನ್ನು ಬೆರೆಸುತ್ತ ಹೋದರೆ ವರ್ಣವು, 160ನ್ನು ಹೆಚ್ಚುತ್ತಿರುವ ತೂಕದಿಂದ ಭಾಗಿಸಿದಷ್ಟು. ಇದು ಭಾಗಲಬ್ಧ ಫಲನ. ಎರಡು ತೂಕ ಬೆರೆಸಿದಾಗ ವರ್ಣ 16ರಿಂದ 13⅓ಕ್ಕೆ ಇಳಿಯುತ್ತದೆ. ಆದರೆ ಹತ್ತು ತೂಕ ಬೆರೆಸಿ 8 ವರ್ಣಕ್ಕೆ ಇಳಿದ ಮೇಲೆ ಮತ್ತೆ ಅದೇ ಎರಡು ತೂಕ ಬೆರೆಸಿದರೆ ಇಳಿತ ಒಂದು ವರ್ಣದಷ್ಟೂ ಇಲ್ಲ. ಅತಿ ದೊಡ್ಡ ಪತನ ಮೊದಲನೆಯ ಬೆರಕೆಯಲ್ಲೇ ಆಗುತ್ತದೆ. ಆಗಲೇ ಕೆಟ್ಟಿರುವುದನ್ನು ಮತ್ತಷ್ಟು ಕೆಡಿಸುವುದು ಬರಬರುತ್ತ ಲೆಕ್ಕಕ್ಕೂ ಬಾರದಂತಾಗುತ್ತದೆ. ಮನಸ್ಸಿನ ವಿಷಯದಲ್ಲಿ ಗುರುಗಳು ಉಪದೇಶಿಸುವ ಮಾತನ್ನೇ ಈ ಗಣಿತವೂ ಹೇಳುತ್ತದೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಕಳ್ಳತನಕ್ಕೆ ಪ್ರೇರಿಸುವುದು, ಕದ್ದ ವಸ್ತುವನ್ನು ಕೊಳ್ಳುವುದು, ರಾಜ್ಯದ ನಿಯಮವನ್ನು ಮೀರುವುದು ಎಂಬ ಮೂರರ ಜೊತೆಗೆ ಹೀನಾಧಿಕ ಮಾನೋನ್ಮಾನ ಮತ್ತು ಪ್ರತಿರೂಪಕ ವ್ಯವಹಾರ ಎಂಬೆರಡು ಸೇರಿವೆ. ಕೊಡುವಾಗ ಒಂದು ಅಳತೆ, ಕೊಳ್ಳುವಾಗ ಇನ್ನೊಂದು ಅಳತೆ ಇಟ್ಟುಕೊಳ್ಳುವುದು ಮೊದಲನೆಯದು. ಕೀಳು ಪದಾರ್ಥವನ್ನು ಉತ್ತಮ ಪದಾರ್ಥದಂತೆ ತೋರಿಸಿ ಮಾರುವುದು ಎರಡನೆಯದು. ಇವೆರಡೂ ತಕ್ಕಡಿಯ ಮುಂದೆ, ಒರೆಗಲ್ಲಿನ ಮುಂದೆ ನಡೆಯುವ ಕಳ್ಳತನಗಳು. ಇವುಗಳನ್ನು ಬಯಲಿಗೆಳೆಯುವ ವಿದ್ಯೆ ಗಣಿತ. ವ್ಯಾಪಾರವನ್ನೇ ಜೀವನವೃತ್ತಿಯಾಗಿ ಹಿಡಿದ ಸಮಾಜಕ್ಕೆ ಲೆಕ್ಕದ ಗ್ರಂಥವೊಂದು ಧರ್ಮಗ್ರಂಥಗಳ ಪಕ್ಕದಲ್ಲಿ ಏಕೆ ಬೇಕಾಯಿತು ಎಂಬುದು ಇಲ್ಲಿ ತಿಳಿಯುತ್ತದೆ. 12ನೆಯ ಶತಮಾನದಲ್ಲಿ ಜೈನಕವಿ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮುಂತಾದ ಕೃತಿಗಳನ್ನು ಕನ್ನಡದಲ್ಲಿಯೇ ರಚಿಸಿ, ಸಂಸ್ಕೃತವರಿಯದವರಿಗೂ ಈ ವಿದ್ಯೆಯನ್ನು ದೊರಕಿಸಿದನು.

ಬೆಳೆಯುವ ರಾಶಿಗೆ ಗಡಿ

ಬಡ್ಡಿಯ ಲೆಕ್ಕವು ತ್ರೈರಾಶಿಕದ ವಿಸ್ತಾರ. ತಿಂಗಳಿಗೆ ನೂರಕ್ಕೆ ಎರಡರಂತೆ ಸರಳ ಬಡ್ಡಿ ಬಂದರೆ 50 ತಿಂಗಳಲ್ಲಿ ಬಡ್ಡಿ ಅಸಲಿನಷ್ಟಾಗುತ್ತದೆ. 500 ತಿಂಗಳಲ್ಲಿ ನೂರು 1,100 ಆಗುತ್ತದೆ. ಇದು ರೇಖಾತ್ಮಕ ಬೆಳವಣಿಗೆ. ಪ್ರತಿ 50 ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಿಕೊಂಡರೆ, ನೂರು ಹತ್ತು ಸಲ ಇಮ್ಮಡಿಯಾಗಿ ಅದೇ 500 ತಿಂಗಳಲ್ಲಿ 1,02,400 ಆಗುತ್ತದೆ. ಐನೂರು ತಿಂಗಳೆಂದರೆ ನಲವತ್ತೆರಡು ವರ್ಷಕ್ಕೂ ಕಡಿಮೆ. ಒಬ್ಬ ಸಾಲಗಾರನ ಆಯುಷ್ಯದೊಳಗಿನ ಮಾತು. ಬೆಳವಣಿಗೆಯ ಜಾತಿ ಬದಲಾದರೆ ಸಾಲಗಾರನ ಮನೆಯೇ ಉಳಿಯದು.

ಇಮ್ಮಡಿಯಾಗುವ ರಾಶಿಗಳು ಬೀಜಗಣಿತೀಯ ಫಲನಗಳ ಗಡಿಯನ್ನು ದಾಟಿದವು. ಅವುಗಳ ಚಿಂತನೆಯೂ ಜೈನಾಚಾರ್ಯರಿಗೆ ಹೊಸದಾಗಿರಲಿಲ್ಲ. ವೀರಸೇನಾಚಾರ್ಯರ ‘ಧವಲಾ’ ಟೀಕೆಯು 816ರಲ್ಲಿ ಮುಗಿಯಿತೆಂದು ಸಂಪಾದಕ ಹೀರಾಲಾಲ್ ಜೈನರು ನಿರ್ಣಯಿಸಿದರು. ಶತಮಾನಗಳ ಕಾಲ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ತಾಳೆಗರಿಗಳಲ್ಲಿ ರಕ್ಷಿತವಾಗಿದ್ದ ಈ ಗ್ರಂಥದ ಮುದ್ರಣ 1939ರಲ್ಲಿ ಆರಂಭವಾಯಿತು. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಬಹುದೋ ಅಷ್ಟನ್ನು ಧವಲೆಯು ಅರ್ಧಚ್ಛೇದವೆನ್ನುತ್ತದೆ. 32ರ ಅರ್ಧಚ್ಛೇದ 5. ಎರಡು ಸಂಖ್ಯೆಗಳ ಗುಣಲಬ್ಧದ ಅರ್ಧಚ್ಛೇದವು ಅವುಗಳ ಅರ್ಧಚ್ಛೇದಗಳ ಮೊತ್ತ ಎಂಬ ನಿಯಮವೂ ಅಲ್ಲಿದೆ. ಇಂದಿನ ಲಘುಗಣಕದ ತತ್ತ್ವವೇ ಇದು. ಸಂಖ್ಯೆಯೊಂದನ್ನು ಅದರಷ್ಟೇ ಘಾತಕ್ಕೆ ಏರಿಸುವ ವರ್ಗಿತ-ಸಂವರ್ಗಿತವನ್ನು 2ರ ಮೇಲೆ ಮೂರು ಸಲ ನಡೆಸಿದರೆ ಮೊದಲು 4, ಬಳಿಕ 256, ಮೂರನೆಯ ಸಲ 617 ಅಂಕಿಗಳುಳ್ಳ ಮಹಾಸಂಖ್ಯೆ ಬರುತ್ತದೆ.

ಹೀಗೆ ಬೆಳೆಯುವ ರಾಶಿಯ ಸ್ವಭಾವವನ್ನು ಬಲ್ಲ ಪರಂಪರೆಯೇ ಗೃಹಸ್ಥನಿಗೆ ಪರಿಗ್ರಹ ಪರಿಮಾಣ ವ್ರತವನ್ನು ವಿಧಿಸಿದೆ. ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯ ಮೊದಲಾದವುಗಳಿಗೆ ತಾನೇ ಒಂದು ಮಿತಿಯನ್ನು ಹಾಕಿಕೊಂಡು, ಅದನ್ನು ಮೀರದಿರುವುದು ಆ ವ್ರತ. ಗಣಿತದ ಭಾಷೆಯಲ್ಲಿ ಹೇಳುವುದಾದರೆ ಏರುತ್ತಿರುವ ರೇಖೆಯ ಮೇಲೆ ಎಳೆದ ಸ್ಥಿರ ರೇಖೆ. 1798ರಲ್ಲಿ ಮಾಲ್ಥಸ್ ಜನಸಂಖ್ಯೆಯು ಗುಣೋತ್ತರವಾಗಿ ಏರುವುದೆಂದು ವಾದಿಸಿದನು; 1838ರಲ್ಲಿ ಬೆಲ್ಜಿಯಮ್ಮಿನ ವೆರ್ಹುಲ್ಸ್ಟ್ ಅಂಥ ಏರಿಕೆಗೆ ಪ್ರಕೃತಿಯೇ ಒಂದು ಮೇಲ್ಮಿತಿಯನ್ನು ಒಡ್ಡುವುದೆಂದು ಸಮೀಕರಣದ ಮೂಲಕ ತೋರಿಸಿದನು. ಪ್ರಕೃತಿ ಒಡ್ಡುವ ಮಿತಿ ಬಲವಂತದ್ದು. ವ್ರತದ ಮಿತಿ ವಿವೇಕದ್ದು. ಅವೆರಡರ ನಡುವಣ ಅಂತರವೇ ಧರ್ಮದ ಕ್ಷೇತ್ರ.

ಸೊನ್ನೆಯ ವಿಷಯ

ಮಹಾವೀರಾಚಾರ್ಯರ ಗ್ರಂಥದಲ್ಲಿ ಒಂದು ದೋಷವೂ ಇದೆ. ಅದನ್ನು ಮರೆಮಾಚುವುದು ಅವರಿಗೆ ಸಲ್ಲಿಸುವ ಗೌರವವಾಗದು. ಸೊನ್ನೆಯಿಂದ ಗುಣಿಸಿದರೆ ಸೊನ್ನೆಯೆಂದು ಸರಿಯಾಗಿ ಹೇಳಿದ ಅವರು, ಸೊನ್ನೆಯಿಂದ ಭಾಗಿಸಿದ ರಾಶಿ ಬದಲಾಗದೆ ಉಳಿಯುತ್ತದೆ ಎಂದರು. ಹಂಚಿಕೊಳ್ಳುವವರೇ ಇಲ್ಲದಿದ್ದರೆ ರಾಶಿ ಇದ್ದಂತೆಯೇ ಇರುತ್ತದೆ ಎಂಬ ಆಲೋಚನೆ ಇದಕ್ಕೆ ಕಾರಣವಾಗಿರಬಹುದು. ಆದರೆ ಭಾಜಕವು ಚಿಕ್ಕದಾಗುತ್ತ ಹೋದಂತೆ ಭಾಗಲಬ್ಧವು ಮಿತಿಯಿಲ್ಲದೆ ಹಿಗ್ಗುತ್ತದೆ: 12ನ್ನು ಅರ್ಧದಿಂದ ಭಾಗಿಸಿದರೆ 24, ನೂರನೆಯ ಒಂದು ಭಾಗದಿಂದ ಭಾಗಿಸಿದರೆ 1,200. ಆದುದರಿಂದ ಆ ನಿಯಮ ನಿಲ್ಲಲಾರದು. 628ರಲ್ಲಿ ಬ್ರಹ್ಮಗುಪ್ತನೂ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆಯೆಂದು ಎಡವಿದ್ದನು. 12ನೆಯ ಶತಮಾನದಲ್ಲಿ ಎರಡನೆಯ ಭಾಸ್ಕರನು ಇಂಥ ರಾಶಿಯನ್ನು ‘ಖಹರ’ವೆಂದು ಕರೆದು ಅದರ ಅನಂತತೆಯನ್ನು ಗುರುತಿಸಿದನು. ಇಂದಿನ ಗಣಿತವು ಸೊನ್ನೆಯಿಂದ ಭಾಗಿಸುವುದಕ್ಕೆ ಅರ್ಥವೇ ಇಲ್ಲವೆಂದು ನಿಷೇಧಿಸುತ್ತದೆ. ಆಚಾರ್ಯರ ಮೇಲಣ ಭಕ್ತಿಯಿಂದ ಅವರ ತಪ್ಪನ್ನು ಸರಿಯೆಂದು ವಾದಿಸುವುದು ಸಮ್ಯಗ್ಜ್ಞಾನಕ್ಕೆ ಒಪ್ಪುವ ಮಾತಲ್ಲ.

ಪ್ರತಿರೂಪವೂ ನಯವೂ

ಅನಂತ ಧರ್ಮಗಳುಳ್ಳ ವಸ್ತುವನ್ನು ಒಂದು ಅಪೇಕ್ಷೆಯಿಂದ ಹೇಳುವುದು ನಯ. ಉಳಿದ ಅಪೇಕ್ಷೆಗಳನ್ನು ನಿರಾಕರಿಸಿ, ತನ್ನದೇ ಪೂರ್ಣಸತ್ಯವೆಂದು ಸಾಧಿಸುವುದು ದುರ್ನಯ. ಗಣಿತದ ಪ್ರತಿಯೊಂದು ಪ್ರತಿರೂಪವೂ ಒಂದು ನಯವೇ. ರೇಖಾತ್ಮಕ ಫಲನವು ಅಲ್ಪಕಾಲದ ಬದಲಾವಣೆಯನ್ನು ಚೆನ್ನಾಗಿ ಹೇಳುತ್ತದೆ. ದೀರ್ಘಕಾಲಕ್ಕೆ ಅದನ್ನೇ ಎಳೆದರೆ ಸುಳ್ಳಾಗುತ್ತದೆ. ವರ್ಗಾತ್ಮಕವು ತಿರುವುಳ್ಳ ಸಂಗತಿಗೆ ಸಲ್ಲುತ್ತದೆ. ಭಾಗಲಬ್ಧವು ಹಂಚಿಕೆ ಮತ್ತು ಬೆರಕೆಗಳಿಗೆ ಸಲ್ಲುತ್ತದೆ. ಯಾವುದೂ ಸುಳ್ಳಲ್ಲ, ಯಾವುದೂ ಪೂರ್ಣವಲ್ಲ. ಸಂಖ್ಯಾಶಾಸ್ತ್ರಜ್ಞ ಪ್ರಶಾಂತಚಂದ್ರ ಮಹಾಲನೋಬಿಸರು 1954ರಲ್ಲಿ ತಮ್ಮ ಶಾಸ್ತ್ರದ ತಳಹದಿಯನ್ನು ವಿವೇಚಿಸುವಾಗ ಸ್ಯಾದ್ವಾದವನ್ನು ಸ್ಮರಿಸಿದುದೂ, 1957ರಲ್ಲಿ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನರು ಸಪ್ತಭಂಗಿಯನ್ನು ಕುರಿತು ಪ್ರಬಂಧ ಬರೆದುದೂ ಆಕಸ್ಮಿಕವಲ್ಲ.

ಈಗ ಸಾಲದ ಯೋಗ್ಯತೆ, ಬೆಳೆಯ ಇಳುವರಿ, ರೋಗದ ಹರಡುವಿಕೆ, ಹವಾಮಾನ ಎಲ್ಲವನ್ನೂ ಗಣಿತದ ಪ್ರತಿರೂಪಗಳೇ ಅಳೆಯುತ್ತಿವೆ. ಅವುಗಳ ಆಧಾರದಿಂದ ಜನರ ಬದುಕಿನ ತೀರ್ಮಾನಗಳಾಗುತ್ತಿವೆ. ಪ್ರತಿರೂಪವನ್ನು ರಚಿಸುವುದು ದೋಷವಲ್ಲ. ಅದಿಲ್ಲದೆ ಕಾಣದುದನ್ನು ಅರಿಯುವ ದಾರಿಯಿಲ್ಲ. ಆದರೆ ಸ್ಥೂಲವನ್ನು ಸೂಕ್ಷ್ಮವೆಂದು, ಎರಡು ಉತ್ತರಗಳಿರುವಲ್ಲಿ ಒಂದೇ ಉತ್ತರವೆಂದು, ಗಡಿಯುಳ್ಳ ನಿಯಮವನ್ನು ಗಡಿಯಿಲ್ಲದ್ದೆಂದು ತೋರಿಸಿ ಒಪ್ಪಿಸಿದರೆ, ಅದೂ ಪ್ರತಿರೂಪಕ ವ್ಯವಹಾರವೇ. ಅಲ್ಲಿ ಚಿನ್ನದ ಬದಲು ಮಾರಾಟವಾಗುವುದು ಜ್ಞಾನ. ದೃಶ್ಯ ಎಷ್ಟು, ಊಹೆ ಎಷ್ಟು, ಉತ್ತರದ ದರ್ಜೆ ಯಾವುದು ಎಂಬ ಮೂರನ್ನು ಹೇಳಿ ಲೆಕ್ಕವನ್ನು ಮುಂದಿಡುವವನು, ಮಳಖೇಡದ ಆ ಆಚಾರ್ಯರ ಹಾದಿಯಲ್ಲಿ ನಡೆದವನಾಗುತ್ತಾನೆ.